ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತವರಿಗೆ

ನಮ್ಮ ಮೊದಲ ಬ್ಯಾಚಿನ ಕೊನೆಯ ಹುಡುಗಿಯ ಡಿಗ್ರಿ ರಿಸಲ್ಟ್ ಹೋದ ವಾರ ಬಂತು. ಪಾಸ್. ಫೋನಿನಲ್ಲಿ ಅವಳು ಜಾಸ್ತಿ ಮಾತಾಡಲಿಲ್ಲ. "ಮೇಡಂ, ಆಯ್ತು" ಅಂದಳು ಅಷ್ಟೇ. ಹಿಂದಿನಿಂದ ಅವಳ ಅಮ್ಮ ಅಳುವುದು ಕೇಳಿಸುತ್ತಿತ್ತು. ಅವತ್ತಿನಿಂದ ಈ ಥ್ಯಾಂಕ್ಸ್ ಪತ್ರ ಬರೆಯಬೇಕು ಅಂತ ಕೂರುತ್ತೇನೆ, ಯಾರ ಹೆಸರು ಮೊದಲು ಹೇಳಲಿ ಅಂತ ಗೊತ್ತಾಗದೆ ಎದ್ದು ಬಿಡುತ್ತೇನೆ. ಹಾಗಾಗಿ ಹೆಸರು ಬೇಡ. ಓದಿದಾಗ ನಿಮಗೆ ಗೊತ್ತಾಗುತ್ತೆ, ಇದು ನೀವೇ ಅಂತ.

ಐದು ವರ್ಷದ ಹಿಂದೆ ಮೂರು ಶಾಲೆ, ಎರಡು ಕಾಲೇಜು, ಒಂದು ಲೈಬ್ರರಿ ಸೇರಿ ಈ ಕೆಲಸ ಶುರು ಮಾಡಿದೆವು. ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತದ, ಕೈಯಲ್ಲಿ ಕಾಸಿಲ್ಲದ ಮಕ್ಕಳು ಮುಂದೆ ಓದಬೇಕು, ಅದಕ್ಕೆ ನಾವೆಲ್ಲ ಒಟ್ಟಿಗೆ ನಿಲ್ಲಬೇಕು ಅನ್ನುವುದು ಆಸೆ. ಮೊದಮೊದಲು ನಾವು ಮಾಡಿದ್ದು ಏನು? ಭಾಷಣ. ಕರಪತ್ರ. ಬಸ್ಸು ಮಾಡಿ ಕಾಲೇಜು ತೋರಿಸಿಕೊಂಡು ಬರುವುದು. ಮಕ್ಕಳು ಖುಷಿಯಾಗಿ ಬಂದರು, ಫೋಟೊ ತೆಗೆಸಿಕೊಂಡರು. ಅರ್ಜಿ ಹಾಕಿದವರು ಮಾತ್ರ ಬೆರಳೆಣಿಕೆ.

ತಪ್ಪು ಎಲ್ಲಿದೆ ಅಂತ ಮೊದಲು ಕಂಡುಕೊಂಡದ್ದು ಒಬ್ಬ ಮೇಷ್ಟ್ರು. ಅರ್ಜಿ ತುಂಬುವ ದಿನ ಈ ಹುಡುಗಿ ಕಿಟಕಿ ಪಕ್ಕ ಒಬ್ಬಳೇ ಕೂತಿದ್ದಳು. ಎಲ್ಲ ಕಾಲಂ ತುಂಬಿದ್ದಳು, 'ಪೋಷಕರ ಉದ್ಯೋಗ' ಅನ್ನುವ ಒಂದು ಬಿಟ್ಟು. ಅಲ್ಲಿ ಪೆನ್ಸಿಲ್‌ನಲ್ಲಿ ಏನೋ ಬರೆದು, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ, ಕಾಗದ ಅಷ್ಟು ಜಾಗದಲ್ಲಿ ತೆಳ್ಳಗಾಗಿ ಹೋಗಿತ್ತು. ಅವಳ ಅಮ್ಮ ನಾಲ್ಕು ಮನೆಯಲ್ಲಿ ಪಾತ್ರೆ ತೊಳೆಯುತ್ತಾರೆ. ಮೇಷ್ಟ್ರು ಏನೂ ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ಇರೋದನ್ನೇ ಬರಿಯಮ್ಮ. ಇದನ್ನ ನೋಡಿಯೇ ಅವರು ಫೀಸು ಕಡಿಮೆ ಮಾಡೋದು" ಅಂದರು. ಅವಳು ಬರೆದಳು. ಆಮೇಲೆ ಕೊನೆಯ ಸಹಿಯವರೆಗೂ ಅವರು ಅಲ್ಲಿಂದ ಏಳಲಿಲ್ಲ. ಸರ್, ಆ ಮಧ್ಯಾಹ್ನ ನೀವು ಊಟ ಮಾಡಿರಲಿಲ್ಲ ಅಂತ ನನಗೆ ಗೊತ್ತು. ನಿಮಗೆ ಮೊದಲ ನಮಸ್ಕಾರ.

ಮುಂದಿನ ವಾರವೇ ಭಾಷಣಗಳನ್ನು ಅರ್ಧಕ್ಕಿಳಿಸಿ, ಒಂದು ಮಗುವಿನ ಪಕ್ಕ ಒಬ್ಬ ದೊಡ್ಡವರು ಕೂರಬೇಕು ಅಂತ ನಿಯಮ ಮಾಡಿಕೊಂಡೆವು. ಎಷ್ಟೋ ದಿನ ಆದ ಮೇಲೆ ಅಮೆರಿಕದ ಒಂದು ಅಧ್ಯಯನ ಓದಿದೆ, 2012ರಲ್ಲಿ ಪ್ರಕಟವಾದದ್ದು. ಅಲ್ಲಿ ಕಡಿಮೆ ಆದಾಯದ ಮನೆಯವರು ತೆರಿಗೆ ಲೆಕ್ಕ ಮಾಡಿಸಲು ಬಂದಾಗ, ಕೆಲವರಿಗೆ ಅಲ್ಲೇ ಕೂರಿಸಿ ಮಕ್ಕಳ ಓದಿನ ಸಹಾಯಧನದ ಅರ್ಜಿಯನ್ನೂ ತುಂಬಿಕೊಟ್ಟರು. ಇನ್ನು ಕೆಲವರಿಗೆ ಎಷ್ಟು ಸಹಾಯ ಸಿಗಬಹುದು ಅನ್ನುವ ಮಾಹಿತಿ ಮಾತ್ರ ಕೊಟ್ಟರು. ಅರ್ಜಿ ತುಂಬಿಸಿಕೊಂಡ ಮನೆಗಳ ಮಕ್ಕಳಲ್ಲಿ ಎರಡು ವರ್ಷ ಕಾಲೇಜು ಓದಿದವರು ನೂರಕ್ಕೆ 28ರಿಂದ 36ಕ್ಕೆ ಏರಿದರು. ಬರೀ ಮಾಹಿತಿ ಪಡೆದವರಲ್ಲಿ ಏನೂ ಬದಲಾಗಲಿಲ್ಲ. ಓದಿ ಮುಗಿಸಿ ಮೇಷ್ಟ್ರಿಗೆ ಫೋನ್ ಮಾಡಿದೆ. "ಹೌದಮ್ಮ, ಮತ್ತೆ?" ಅಂದರು.

ಕಾಲೇಜಿನ ಕಡೆಯವರಿಗೆ ಹೇಳಬೇಕಾದ್ದು ತುಂಬಾ ಇದೆ. ಪಾಲುದಾರಿಕೆ ಅಂತ ಕಾಗದದ ಮೇಲೆ ಸಹಿ ಹಾಕುವುದು ಸುಲಭ, ಯಾರು ಯಾರಿಗೆ ಫೋನ್ ಮಾಡಬೇಕು ಅನ್ನುವುದೇ ಕಷ್ಟ. ಮಗು ಶಾಲೆ ಬಿಟ್ಟಾಗಿದೆ ಅಂತ ಶಾಲೆ ಅಂದುಕೊಳ್ಳುತ್ತೆ, ಇನ್ನೂ ನಮ್ಮಲ್ಲಿಗೆ ಬಂದಿಲ್ಲ ಅಂತ ಕಾಲೇಜು ಅಂದುಕೊಳ್ಳುತ್ತೆ, ಆ ಎರಡು ಮೂರು ತಿಂಗಳು ಮಗು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಸೀಟು ಸಿಕ್ಕ ಮೇಲೂ ಮಕ್ಕಳು ಕಳೆದುಹೋಗುವುದು ಇಲ್ಲೇ. ಅಮೆರಿಕದಲ್ಲಿ ಇದಕ್ಕೆ 'ಸಮ್ಮರ್ ಮೆಲ್ಟ್', ಅಂದರೆ ಬೇಸಿಗೆ ರಜೆಯಲ್ಲಿ ಕರಗುವುದು, ಅಂತಲೇ ಹೆಸರಿದೆ, ಕಾಲೇಜಿಗೆ ಹೋಗ್ತೀನಿ ಅಂದ ಮಕ್ಕಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಜನ ಆ ರಜೆಯಲ್ಲೇ ಕರಗಿ ಹೋಗುತ್ತಾರೆ ಅಂತ ಅಲ್ಲಿನ ಸಂಶೋಧಕರು ಲೆಕ್ಕ ಹಾಕಿದ್ದಾರೆ.

ನಮ್ಮಲ್ಲೂ ಒಬ್ಬ ಹಾಗೇ ಹೋದ. ಮೊದಲ ಬ್ಯಾಚಿನ ಹುಡುಗ, ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ. ಸೀಟು ಸಿಕ್ಕಿತ್ತು. ದಾಖಲೆ ತರಲು ಕೊನೆಯ ದಿನ ಯಾವುದು ಅನ್ನುವ ಮೆಸೇಜು ಹೋಗಿದ್ದು ಅವನ ಚಿಕ್ಕಪ್ಪನ ಫೋನಿಗೆ. ಚಿಕ್ಕಪ್ಪ ಕೆಲಸಕ್ಕೆ ಅಂತ ಬೇರೆ ಊರಿಗೆ ಹೋಗಿದ್ದರು. ಅವನಿಗೆ ವಿಷಯ ಗೊತ್ತಾಗುವ ಹೊತ್ತಿಗೆ ಬಾಗಿಲು ಮುಚ್ಚಿತ್ತು. ಅರ್ಜಿಯಲ್ಲಿ ಆ ನಂಬರ್ ಬರೆದದ್ದು ನಾನು. ಎರಡನೇ ನಂಬರ್ ಒಂದು ಕೇಳಿಕೊಂಡಿದ್ದರೆ ಸಾಕಿತ್ತು.

ಆ ವರ್ಷ ಕಾಲೇಜಿನ ಪ್ರವೇಶ ವಿಭಾಗದ ಒಬ್ಬ ಗುಮಾಸ್ತರು ತಾವಾಗೇ ಬಂದು ಹೇಳಿದರು: "ಯಾರು ದಾಖಲೆ ಕೊಟ್ಟಿಲ್ಲ, ಯಾರು ಫೀಸು ಕಟ್ಟಿಲ್ಲ ಅನ್ನೋ ಪಟ್ಟಿ ಪ್ರತಿ ಶುಕ್ರವಾರ ನಿಮಗೆ ಕೊಡ್ತೀನಿ. ನೀವು ಫೋನ್ ಮಾಡಿ." ಅವತ್ತಿನಿಂದ ಒಂದು ಶುಕ್ರವಾರವೂ ತಪ್ಪಿಸಿಲ್ಲ. ಅದು ಅವರ ಕೆಲಸದ ಪಟ್ಟಿಯಲ್ಲಿ ಇಲ್ಲ, ಅದಕ್ಕೆ ಅವರಿಗೆ ಯಾರೂ ಶಹಬ್ಬಾಸ್ ಅಂದಿಲ್ಲ. ಅಣ್ಣಾ, ನಾನು ಅನ್ನುತ್ತಿದ್ದೇನೆ. ಆ ಪಟ್ಟಿ ಹಿಡಿದು ಶನಿವಾರ ಪೂರ್ತಿ ಫೋನ್ ಮಾಡುವ ಸೀನಿಯರ್ ಮಕ್ಕಳಿಗೂ ಥ್ಯಾಂಕ್ಸ್. ಪರೀಕ್ಷೆ ಇದ್ದಾಗಲೂ ನೀವು ಬಿಡಲಿಲ್ಲ. ನಾನು ಒಂದು ಗಂಟೆ ವಿವರಿಸಿದ್ದಕ್ಕಿಂತ, "ನನಗೂ ಮೊದಲ ದಿನ ಕ್ಲಾಸ್‌ರೂಮ್ ಸಿಕ್ಕಿರಲಿಲ್ಲ ಕಣೋ" ಅಂತ ನೀವು ಹೇಳುವ ಒಂದು ಮಾತು ಅವರಿಗೆ ಜಾಸ್ತಿ ಧೈರ್ಯ ಕೊಡುತ್ತೆ.

ದುಡ್ಡು ಕೊಟ್ಟವರಿಗೆ, ಹಳೇ ಲ್ಯಾಪ್‌ಟಾಪ್ ಕೊಟ್ಟವರಿಗೆ, ಸಂಜೆ ಬಾಗಿಲು ಹಾಕದೆ ನಮಗಾಗಿ ಕಾದ ಲೈಬ್ರರಿಯವರಿಗೆ ವಂದನೆ.

ಅಮ್ಮಂದಿರೇ, ಅಪ್ಪಂದಿರೇ, ಮನೆಗೆ ಬರುವ ಸಂಬಳವೊಂದು ಇನ್ನೂ ಮೂರು ವರ್ಷ ತಡ ಅಂತ ಗೊತ್ತಿದ್ದೂ ನೀವು ಮಕ್ಕಳನ್ನು ಕಳಿಸಿದಿರಿ. ನಾವು ಕೊಟ್ಟದ್ದು ನಮ್ಮ ಸಮಯ, ಅದೂ ಬಿಡುವಿದ್ದಾಗ. ನೀವು ಕೊಟ್ಟದ್ದರ ಮುಂದೆ ಅದು ಏನೂ ಅಲ್ಲ.

ಕೊನೆಗೆ ಆ ಲೆಕ್ಕದ ಹುಡುಗನಿಗೆ. ಈಗ ಪ್ರತಿ ಅರ್ಜಿಯಲ್ಲೂ ನಾವು ಎರಡು ನಂಬರ್ ಬರೆಸುತ್ತೇವೆ, ಅದು ನಿನ್ನಿಂದ. ಅದಕ್ಕೆ ಥ್ಯಾಂಕ್ಸ್ ಹೇಳೋಕೆ ನನಗೆ ಬಾಯಿ ಬರುವುದಿಲ್ಲ, ಕ್ಷಮಿಸು ಅನ್ನಬೇಕು. ನೀನು ಇದನ್ನು ಓದಿದರೆ, ಅಥವಾ ಯಾರಾದರೂ ಓದಿ ಹೇಳಿದರೆ, ಒಂದು ಸಲ ಶಾಲೆಯ ಕಡೆ ಬಾ. ಮುಂದಿನ ತಿಂಗಳು ಮತ್ತೆ ಅರ್ಜಿ ಶುರುವಾಗುತ್ತೆ. ನಿನ್ನ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಮೇಷ್ಟ್ರ ಫೈಲಿನಲ್ಲಿ ಇನ್ನೂ ಇದೆ.