ಮಗಳಿಗೊಂದು ಪತ್ರ: ಅಪ್ಪ, ಅಬ್ಬ, ಅಮ್ಮ

ಮೈಸೂರು
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅತ್ತದ್ದನ್ನು ನಿಮ್ಮಪ್ಪನಿಗೆ ಹೇಳಿಲ್ಲ. "ಮೂರು ವಾರದಿಂದ ಒಂದೇ ಪದ ಹೇಳಿಕೊಡ್ತಿದ್ದೀನಿ, ಆ ಹುಡುಗಿಗೆ ಬರ್ತಾನೇ ಇಲ್ಲ ಅಮ್ಮ" ಅಂದೆ. ನಿದ್ದೆ ಬರಲಿಲ್ಲ ನನಗೆ. ಹೇಳಬೇಕಾದದ್ದು ಫೋನಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಕೆಲಸ ಮಾಡು. ಕನ್ನಡಿ ಮುಂದೆ ನಿಂತು, ದನಿ ತೆಗೆಯದೆ, ಬರೀ ತುಟಿಯಲ್ಲಿ 'ಅಪ್ಪ' ಅನ್ನು. ಆಮೇಲೆ 'ಅಬ್ಬ'. ಆಮೇಲೆ 'ಅಮ್ಮ'. ನೋಡಿದೆಯಾ? ಮೂರೂ ಒಂದೇ ಥರ. ಕಿವಿ ಕೇಳದ ಮಗು ನಮ್ಮ ತುಟಿ ನೋಡಿ ಮಾತು ಕಲಿಯಲಿ ಅಂತ ಎದುರಿಗೆ ಕೂರಿಸಿಕೊಳ್ಳುತ್ತೇವೆ. ಆ ಮಗುವಿನ ಕಣ್ಣಿಗೆ ಅಪ್ಪ ಬೇರೆ ಅಲ್ಲ, ಅಮ್ಮ ಬೇರೆ ಅಲ್ಲ. 'ಕ', 'ಗ' ಅಂತೂ ತುಟಿಗೆ ಬರುವುದೇ ಇಲ್ಲ, ಬಾಯಿಯ ಹಿಂಭಾಗದಲ್ಲೇ ಹುಟ್ಟಿಬಿಡುತ್ತವೆ. ಮೂರು ವಾರ ಏನೂ ಅಲ್ಲ ಪುಟ್ಟಿ.

ನಾನು ಕಿವುಡ ಮಕ್ಕಳ ಶಾಲೆಗೆ ಟೀಚರಾಗಿ ಸೇರಿದ್ದು 1988ರಲ್ಲಿ. ಆಗ ಕಿವಿ ಕೇಳಿಸುವ ಮಿಷನ್ ಅಂದರೆ ಮಕ್ಕಳ ಎದೆಯ ಮೇಲೆ ಒಂದು ಪುಟ್ಟ ಡಬ್ಬಿ, ಅದರಿಂದ ಕಿವಿಗೆ ವೈರು. ಅದಕ್ಕೊಂದು ಪೆನ್ಸಿಲ್ ಸೆಲ್. ಸೆಲ್ ಮುಗಿದು ಎರಡು ದಿನವಾಗಿದ್ದರೂ ಮಗು ಹೇಳುತ್ತಿರಲಿಲ್ಲ. ಹೇಳಲು ಮಾತೆಲ್ಲಿತ್ತು? ಅದಕ್ಕೇ ಹೇಳುತ್ತೇನೆ, ದಿನಾ ಪಾಠಕ್ಕೆ ಮುಂಚೆ ಮಿಷನ್ ನೋಡು. ಬಾಯಿಗೆ ಒಂದು ಕಾಗದ ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಅನ್ನು. ಕೇಳಿದಾಗಲೆಲ್ಲ ಮಗು ಬಟ್ಟಲಿಗೆ ಒಂದು ಮಣಿ ಹಾಕಲಿ. ನಿನ್ನೆ ಕೇಳಿದ್ದು ಇವತ್ತು ಕೇಳಲಿಲ್ಲ ಅಂದರೆ ಬ್ಯಾಟರಿ ಹೋಗಿರಬಹುದು, ಕಿವಿಯೊಳಗೆ ಕೂರುವ ಮೋಲ್ಡಿನಲ್ಲಿ ಗುಗ್ಗೆ ಕಟ್ಟಿರಬಹುದು, ನೆಗಡಿಯಾಗಿರಬಹುದು. ಇದನ್ನು ನೋಡದೆ ಅರ್ಧ ದಿನ ಪಾಠ ಮಾಡಿ, ಮಗುವಿನ ಮೇಲೆ ರೇಗಿದ್ದೂ ಇದೆ ನಾನು.

'ಪ'ಕ್ಕೆ ತುಟಿಯ ಮುಂದೆ ಕಾಗದದ ಚೂರು ಹಿಡಿಯಬೇಕು, ಉಸಿರಿಗೆ ಅದು ಅಲುಗುತ್ತದೆ. 'ಬ'ಕ್ಕೆ ಮಗುವಿನ ಕೈ ನನ್ನ ಗಂಟಲ ಮೇಲೆ, ಅಲ್ಲಿ ಅದುರುವುದು ಕೈಗೆ ಗೊತ್ತಾಗುತ್ತದೆ. 'ಮ'ಕ್ಕೆ ಅದರ ಬೆರಳು ನನ್ನ ಮೂಗಿನ ಪಕ್ಕ, ಅಲ್ಲಿ ಸಣ್ಣಗೆ ಗುಂಯ್ ಅನ್ನುವುದು ಬೆರಳಿಗೆ ಸಿಗುತ್ತದೆ. ಮೂವತ್ತೊಂದು ವರ್ಷದಲ್ಲಿ ನನ್ನ ಮೂಗಿನ ಮೇಲೆ ಎಷ್ಟು ಪುಟ್ಟ ಬೆರಳುಗಳು ಕೂತು ಹೋದವೋ.

ಅದರಲ್ಲಿ ಒಬ್ಬಳ ಬೆರಳನ್ನು ಮರೆಯೋಕೆ ಆಗಿಲ್ಲ.

ಐದು ವರ್ಷದ ಹುಡುಗಿ. ಎಂಟು ತಿಂಗಳು ಅವಳಿಗೆ 'ಅಮ್ಮ' ಹೇಳಿಕೊಟ್ಟೆ. ಅಮ್ಮನ ಚಿತ್ರ ತೋರಿಸಿದ ಕೂಡಲೇ ಅವಳು ತನ್ನ ಮೂಗಿನ ಪಕ್ಕ ಬೆರಳಿಡುತ್ತಿದ್ದಳು. ಆ ಕೈಯನ್ನು ಕೆಳಗಿಳಿಸಿ, "ಹಾಗಲ್ಲ, ಬಾಯಲ್ಲಿ ಹೇಳು" ಅನ್ನುತ್ತಿದ್ದೆ. ತರಬೇತಿಯಲ್ಲಿ ನಮಗೆ ಹಾಗೇ ಹೇಳಿದ್ದರು. ಸನ್ನೆ ಮಾಡಲು ಬಿಟ್ಟರೆ ಮಾತು ಬರಲ್ಲ, ಕೈ ಕಟ್ಟಿ ಕೂರಿಸಿ ಅಂತ. ಒಂದು ದಿನ ನಲ್ಲಿಯ ಹತ್ತಿರ ಅವಳು ದೊಡ್ಡ ಹುಡುಗಿಯೊಬ್ಬಳಿಗೆ ಏನೋ ಹೇಳುತ್ತಿದ್ದಳು. ಕೈ, ಕಣ್ಣು, ಮುಖ ಎಲ್ಲವೂ ಮಾತಾಡುತ್ತಿದ್ದವು. ಮೂಗಿನ ಪಕ್ಕ ಬೆರಳು. ಆಮೇಲೆ ಮೀಸೆ ತಿರುವಿದ ಹಾಗೆ. ಆಮೇಲೆ ಬಸ್ಸಿನ ಸ್ಟಿಯರಿಂಗ್. ಆಗ ಹೊಳೆಯಿತು ನನಗೆ. ಮೂಗುತಿ ಅಂದರೆ ಅಮ್ಮ, ಮೀಸೆ ಅಂದರೆ ಅಪ್ಪ! ಅಮ್ಮ, ಅಪ್ಪ ಬಸ್ಸಿನಲ್ಲಿ ಬರುತ್ತಾರೆ ಅಂತಿದ್ದಾಳೆ. ತುಟಿಯ ಮೇಲೆ ಒಂದೇ ಥರ ಕಾಣುವ ಎರಡು ಪದ ಅವಳ ಕೈಯಲ್ಲಿ ಎಷ್ಟು ಬೇರೆ ಬೇರೆ ಆಗಿದ್ದವು ನೋಡು. ಮೊದಲ ದಿನದಿಂದಲೂ ಅವಳು 'ಅಮ್ಮ' ಅಂತಲೇ ಇದ್ದಳು. ಕೇಳಿಸದೇ ಇದ್ದದ್ದು ನನಗೆ.

ನನ್ನನ್ನು ಕಂಡ ತಕ್ಷಣ ಇಬ್ಬರೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಅದು ಈಗಲೂ ಕಣ್ಣ ಮುಂದೆ ಬರುತ್ತದೆ.

ಆ ಕೈ ಕಟ್ಟಿಸುವ ಪದ್ಧತಿ ಎಲ್ಲಿಂದ ಬಂತು ಅಂತ ಓದಿಕೊಂಡದ್ದು ಎಷ್ಟೋ ವರ್ಷದ ಮೇಲೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ ನಡೆಯಿತು. ಕೂತವರು ಬಹುತೇಕ ಎಲ್ಲರೂ ಕಿವಿ ಕೇಳುವವರೇ. ಶಾಲೆಯಲ್ಲಿ ಮಾತೇ ಇರಬೇಕು, ಸನ್ನೆ ಬೇಡ ಅಂತ ತೀರ್ಮಾನ ಮಾಡಿದರು. ಅದು ತಪ್ಪಾಯಿತು ಅಂತ ಅದೇ ಸಮ್ಮೇಳನ ವ್ಯಾಂಕೂವರಿನಲ್ಲಿ ವಿಷಾದ ಹೇಳಿದ್ದು 2010ರಲ್ಲಿ. ನೂರಾ ಮೂವತ್ತು ವರ್ಷ! ನಾನು ಇಳಿಸಿದ ಕೈಗಳೂ ಆ ಲೆಕ್ಕದಲ್ಲೇ ಇವೆ.

ಮಾತು ಕಲಿಸಬೇಡ ಅಂತ ನಾನು ಹೇಳುತ್ತಿಲ್ಲ. ಖಂಡಿತ ಕಲಿಸು. ಈಗ ಎಷ್ಟೋ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸಿನ ಕಿವಿಯನ್ನೇ ಪರೀಕ್ಷೆ ಮಾಡುತ್ತಾರೆ. ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಎಷ್ಟೋ ಮಕ್ಕಳು ಚೆನ್ನಾಗಿ ಮಾತಾಡುತ್ತವೆ. ಆದರೆ ಆಪರೇಷನ್ ಆದ ಮೇಲೆ ವರ್ಷಗಟ್ಟಲೆ ಕೇಳಲು ಕಲಿಸಬೇಕು, ಅದನ್ನು ತಾಯಂದಿರಿಗೆ ಬಿಡಿಸಿ ಹೇಳು. ಇಂಪ್ಲಾಂಟ್ ಇರಲಿ, ಮಿಷನ್ ಇರಲಿ, ಬರೀ ಕೈ ಇರಲಿ, ಮಗುವಿಗೆ ಇವತ್ತೇ ಒಂದು ಭಾಷೆ ಬೇಕು. ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸನ್ನೆ ಭಾಷೆಗೆ ಅಂತಲೇ ಒಂದು ಕೇಂದ್ರ ಶುರುವಾಯಿತು. 2018ರಲ್ಲಿ ಅವರು 3000 ಪದಗಳ ನಿಘಂಟು ತಂದರು, ಈಗ ಅದು ಇನ್ನೂ ಬೆಳೆದಿದೆ. ಅದನ್ನು ನೋಡಿ ದಿನಕ್ಕೆ ಐದು ಪದ ಕಲಿ. ನಾನೂ ಕಲಿಯುತ್ತಿದ್ದೇನೆ, ಬೆರಳು ಸ್ವಲ್ಪ ಪೆಡಸಾಗಿವೆ ಅಷ್ಟೆ.

ಇನ್ನೊಂದು ಮಾತು. ನೀನು ಆರನೇ ಕ್ಲಾಸಿನಲ್ಲಿ ನಾಟಕ ಮಾಡಿದ ದಿನ ನಾನು ಬರಲಿಲ್ಲ. ಅವತ್ತು ಒಂದು ಮಗುವಿನ ತಂದೆ ಶಾಲೆ ಬಿಡಿಸುತ್ತೇನೆ ಅಂತ ಬಂದು ಕೂತಿದ್ದರು. ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಕ್ಷಮಿಸು. ಆ ಮಗು ಶಾಲೆಯಲ್ಲೇ ಉಳಿಯಿತು.

ನನ್ನ ಚಿತ್ರದ ಕಾರ್ಡುಗಳ ಡಬ್ಬಿ ಕಳಿಸುತ್ತಿದ್ದೇನೆ. ಎಲ್ಲ ಹಳೆಯ ಕ್ಯಾಲೆಂಡರು, ಬೆಂಕಿಪೊಟ್ಟಣದಿಂದ ಕತ್ತರಿಸಿ ಅಂಟಿಸಿದವು. ಬೆಕ್ಕಿನದು ಕಳೆದುಹೋಗಿದೆ, ನೀನೇ ಒಂದು ಬರೆದುಕೋ.

ನಾಳೆ ಆ ಹುಡುಗಿಯ ತಾಯಿ ಬಂದಾಗ ಒಂದು ಪ್ರಶ್ನೆ ಕೇಳು. ಮನೆಯಲ್ಲಿ ಅವಳಿಗೆ ನೀರು ಬೇಕಾದರೆ, ಹಸಿವಾದರೆ, ಅಮ್ಮ ಕಾಣದಿದ್ದರೆ ಕೈಯಲ್ಲಿ ಏನು ಮಾಡುತ್ತಾಳೆ? ರಾತ್ರಿ ಫೋನ್ ಮಾಡಿ ನನಗೂ ಹೇಳು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ,
ಅಮ್ಮ