ಹೊಟ್ಟೆಬಾಕಿ ಅಂತ ಬರ್ದಿದ್ಯಲ್ಲ

ಕೂಸೆ,

ಸ್ಕ್ಯಾನಲ್ಲಿ ಫ್ಯಾಟಿ ಲಿವರ್ ಬಂದಿದ್ದು ನಿಮ್ಮಪ್ಪ ಫೋನಲ್ಲೇ ಹೇಳಿದ್ದ, ಅದ್ರ ಸುದ್ದಿ ಬೇಡ. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಪತ್ರದ ಕಡೇ ಸಾಲು. 86ರಿಂದ 80 ಕೆಜಿಗೆ ಇಳಿದೆ, ಈಗ ಮೊದಲಿಗಿಂತ ಜಾಸ್ತಿ ಹಸಿವು, ನಾನು ಹುಟ್ಟಾ ಹೊಟ್ಟೆಬಾಕಿನೇ ಇರ್ಬೇಕು ಅತ್ತೆ, ಅಂತ.

ಯಾರು ಹೇಳಿದ್ದು ನಿಂಗೆ ಹಾಗೆ?

ನಾನು ಹೈಸ್ಕೂಲಲ್ಲಿ ವಿಜ್ಞಾನ ಕಲ್ಸೋವಾಗ ಜಠರ ಅಂದ್ರೆ ಅನ್ನ ಅರಿಯೋ ಚೀಲ ಅಂತ ಬೋರ್ಡ್ ಮೇಲೆ ಬರೀತಿದ್ದೆ, ಅಷ್ಟೇ. ಆ ಚೀಲವೇ ಗ್ರೆಲಿನ್ ಅನ್ನೋ ಹಾರ್ಮೋನ್ ಬಿಡುತ್ತೆ ಅಂತ ಜಪಾನಿನವರು ಕಂಡುಹಿಡಿದಿದ್ದೇ 1999ರಲ್ಲಿ, ಅದು ಮಿದುಳಲ್ಲಿ ಹಸಿವು ಎಬ್ಬಿಸುತ್ತೆ ಅಂತ ಗೊತ್ತಾಗಿದ್ದು ಅದಾದ್ಮೇಲೆ. ಸಾಕು ಅನ್ನೋಕೆ ಕರುಳಿಂದ ಜಿಎಲ್‌ಪಿ-1, ಪಿವೈವೈ ಅನ್ನೋ ಹಾರ್ಮೋನುಗಳು ಬರ್ತಾವೆ. ತೂಕ ಇಳಿದ್ರೆ ಗ್ರೆಲಿನ್ ಏರುತ್ತೆ, ಪಿವೈವೈ ಇಳಿಯುತ್ತೆ. 2011ರಲ್ಲಿ ಮೆಲ್ಬರ್ನ್‌ನವರು ತೂಕ ಇಳಿಸಿದವರನ್ನ ಒಂದು ವರ್ಷ ಬಿಟ್ಟು ನೋಡಿದ್ರೂ ಅದೇ ಕತೆ, ಹಸಿವೂ ಜಾಸ್ತಿನೇ ಇತ್ತು. ಎಲ್ಲರ ಮೈಯೂ ಹೀಗೇ ಮಾಡೋವಾಗ ನೀನೊಬ್ಳೇ ಹೊಟ್ಟೆಬಾಕಿ ಹೇಗಾಗ್ತೀಯೆ?

ನಮ್ಮ ಅಕ್ಕನ ಕತೆ ನಿಂಗೊತ್ತು. ಕಷಾಯ ಕುಡಿಯೋಳೇ ಹೊರತು ಹೆಂಡ ಮುಟ್ಟಿದವಳಲ್ಲ, ಆದ್ರೂ ಲಿವರ್ ಗಟ್ಟಿಯಾಗಿಹೋತು. ನಿಂಗೊತ್ತಿಲ್ದಿದ್ದು ಇದು: ಆಲೆಮನೆಗೆ ಹೋದ್ರೆ ಅವಳು ಎಷ್ಟು ಲೋಟ ಕಬ್ಬಿನಹಾಲು ಕುಡಿದ್ಲು ಅಂತ ಎಲ್ರೂ ಎಣಿಸ್ತಿದ್ರು, ನಾನೂ ನಗ್ತಿದ್ದೆ. ಬರಬರ್ತಾ ಅವಳು ಎಲ್ರೆದುರು ಚೂರೇ ಉಂಡು, ಆಮೇಲೆ ಅಡುಗೆಮನೇಲಿ ಕತ್ಲೆಯಲ್ಲಿ ನಿಂತು ತಿನ್ನೋಳು. ಡಾಕ್ಟ್ರ ಹತ್ರ ಹೋಗೋಕೂ ನಾಚಿಕೆ, ತೂಕದ ಮೆಷಿನ್ ಹತ್ತಿಸ್ತಾರೆ ಅಂತ. ನಿನ್ನ ಸಾಲು ಓದಿದಾಗ ಅವಳೇ ಕಣ್ಣೆದುರು ಬಂದ್ಲು, ಅದ್ಕೇ ಇಷ್ಟು ಉದ್ದ ಬರೀತಿದೀನಿ, ಬೈಕೋಬೇಡ.

ಮತ್ತೆ, ನೀನಿಳಿಸಿದ್ದು ಹತ್ರಹತ್ರ ಶೇ. 7. ಅಷ್ಟಿಳಿದ್ರೆ ಲಿವರಿನ ಕೊಬ್ಬೂ ಊತವೂ ತಗ್ಗುತ್ತೆ ಅಂತಾರೆ, ಶೇ. 10 ಆದ್ರೆ ಗಾಯದ ಕಲೆನೂ ಕೆಲವರಿಗೆ ಕಮ್ಮಿಯಾಗುತ್ತಂತೆ. ಅರ್ಧಕ್ಕಿಂತ ಹೆಚ್ಚು ದಾರಿ ಬಂದಿದೀಯ, ಅದನ್ನ ಲೆಕ್ಕಕ್ಕೇ ಹಿಡಿದಿಲ್ಲ ನೀನು. ಹಸಿವು ತಗ್ಗಿಸೋ ಇಂಜೆಕ್ಷನ್ ತಗೊಂಡ್ರೆ ಮೋಸ ಮಾಡಿದಂಗೆ ಅಂತಲೂ ಬರ್ದಿದೀಯ. ನಮ್ಮ ಮೈಯ ಜಿಎಲ್‌ಪಿ-1 ಎರಡೇ ನಿಮಿಷದಲ್ಲಿ ಅರ್ಧ ಕರಗಿಹೋಗುತ್ತೆ, ಆ ಇಂಜೆಕ್ಷನ್ನಿನ ಔಷಧಿ ಸೆಮಾಗ್ಲುಟೈಡ್ ಅದೇ ಕೆಲಸ ವಾರವಿಡೀ ಮಾಡುತ್ತೆ, ಬಿಪಿ ಮಾತ್ರೆಗಿಲ್ಲದ ಮೋಸ ಇದಕ್ಕೆ ಎಲ್ಲಿಂದ ಬಂತು? ಕಲೆಗಟ್ಟಿದ, ಊದಿದ ಲಿವರಿಗೆ 2025ರ ಆಗಸ್ಟಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆನೂ ಸಿಕ್ಕಿದೆ. ಬಿಟ್ರೆ ಹಸಿವು ವಾಪಸ್ ಬರುತ್ತೆ, ಅದೂ ನಿಜ. ನಿಂಗೆ ಬೇಕೋ ಬೇಡ್ವೋ ಡಾಕ್ಟ್ರು ಹೇಳ್ಲಿ, ನಾನ್ಯಾರು.

ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡೋ ಫೈಬ್ರೋಸ್ಕ್ಯಾನ್ ಮಾಡ್ಸೋದಾ ಅಂತ ಕೇಳು. ಕಾಫಿ ಬಿಡ್ಬೇಡ, ಸಕ್ಕರೆ ಬಿಡು. ಈ ವರ್ಷ ಜೋನಿಬೆಲ್ಲ ಕಳ್ಸೋದಿಲ್ಲ, ಬೇಜಾರಾಗ್ಬೇಡ, ಬೆಲ್ಲ ಆದ್ರೂ ಲಿವರಿಗೆ ಸಕ್ಕರೆನೇ.

ಡಾಕ್ಟ್ರಿಗೆ ರಿಪೋರ್ಟ್ ಮಾತ್ರ ಕೊಟ್ಟು ಎದ್ದು ಬರ್ಬೇಡ, ಹಸಿವಿನ ವಿಷಯ ಬಾಯ್ಬಿಟ್ಟು ಹೇಳು. ನಾಚಿಕೆ ಆದ್ರೆ ಫೋನ್ ಮಾಡು, ಶಿರಸಿಯಿಂದ ರಾತ್ರಿ ಬಸ್ಸಿಗೆ ಹೊರಟ್ರೆ ಬೆಳಿಗ್ಗೆ ಬೆಂಗ್ಳೂರಲ್ಲಿರ್ತೀನಿ, ನಾನೇ ಹೇಳ್ತೀನಿ.

ನಿನ್ನ ಅತ್ತೆ