ಕಾನ್‌ಗೆ ಹೊರಟ ಪುಟ್ಟಿಗೆ

ನೀರ್ಚಾಲು
ಮೇ 20

ಪ್ರೀತಿಯ ಪುಟ್ಟಿ,

ನಿನ್ನ ವೀಸಾ ಬಂತು ಅಂತ ಅಕ್ಕ ಫೋನ್ ಮಾಡಿದಾಗ ನಾನು ತೋಟದಲ್ಲಿದ್ದೆ. ಅಡಿಕೆಗೆ ಮೊದಲ ಮದ್ದು ಬಿಡುವ ಗಡಿಬಿಡಿ. ಸುದ್ದಿ ಕೇಳಿ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಮಂಗಳೂರಿನಲ್ಲಿ ಓದುವ ನಮ್ಮ ಮನೆ ಹುಡುಗಿ ಫ್ರಾನ್ಸಿನ ಕಾನ್ ಪಟ್ಟಣಕ್ಕೆ ಹೋಗಿ ಜಾಹೀರಾತಿನ ಹಬ್ಬದಲ್ಲಿ ಕೂರುತ್ತಾಳೆ ಅಂದ್ರೆ ಸಣ್ಣ ಮಾತಾ? ಫೋನಿನಲ್ಲಿ ಎಲ್ಲ ಹೇಳಲಿಕ್ಕೆ ಆಗಲಿಲ್ಲ. ಅದಕ್ಕೇ ಈ ಕಾಗದ.

ನೀನು ಹೋಗುವ ಆ ಹಬ್ಬ, ಕಾನ್ ಲಯನ್ಸ್, ಶುರುವಾದದ್ದು 1954ರಲ್ಲಿ, ಇಟಲಿಯ ವೆನಿಸ್‌ನಲ್ಲಿ. ಅಲ್ಲಿನ ಸಂತ ಮಾರ್ಕನ ಚೌಕದ ಸಿಂಹವೇ ಪ್ರಶಸ್ತಿಯ ಸಿಂಹಕ್ಕೆ ಮಾದರಿ. ಕಾನ್‌ನಲ್ಲೇ ನೆಲೆ ನಿಂತದ್ದು 1984ರಲ್ಲಿ. ನಮ್ಮ ಕಾಸರಗೋಡು ಜಿಲ್ಲೆಯಾದ ವರ್ಷವೂ ಅದೇ. ಹಬ್ಬ ಶುರು ಮಾಡಿದವರು ಯಾರು ಗೊತ್ತಾ? ಸಿನೆಮಾ ಟಾಕೀಸುಗಳಲ್ಲಿ ಜಾಹೀರಾತು ತೋರಿಸುವ ಕಸುಬಿನವರು. ಅದನ್ನು ಓದಿದಾಗ ನನಗೆ ತುಂಬ ಖುಷಿಯಾಯಿತು. ನಾನೂ ಅದೇ ಕಸುಬು ಮಾಡಿದವನಲ್ವಾ.

ನೀನು ಹುಟ್ಟುವ ಮೊದಲಿನ ಮಾತು. ಟಾಕೀಸಿನ ತೆರೆಯ ಮೇಲೆ ತೋರಿಸುವ ಜಾಹೀರಾತಿನ ಗಾಜಿನ ಸ್ಲೈಡ್ ಬರೆದು ಕೊಡುತ್ತಿದ್ದೆ. ಅಂಗೈಯಷ್ಟು ಗಾಜು, ಸಪೂರ ಕುಂಚ, ಮೇಲೆ ಕನ್ನಡ, ಕೆಳಗೆ ಮಲಯಾಳ. ಒಮ್ಮೆ ಒಂದು ಜವಳಿ ಅಂಗಡಿಗೆ ಬರೆಯುವಾಗ ಹನ್ನೊಂದು ಸಾಲು ತುಂಬಿಸಿದೆ. ಸೀರೆ, ಪಂಚೆ, ಶರ್ಟಿನ ಬಟ್ಟೆ, ರಿಯಾಯಿತಿ, ವಿಳಾಸ, ಒಂದನ್ನೂ ಬಿಡಲಿಲ್ಲ. ಅವತ್ತು ರಾತ್ರಿ ಮುಂದಿನ ಬೆಂಚಿನಲ್ಲಿ ಜನರ ಮಧ್ಯೆ ಕೂತು ನೋಡಿದೆ. ಪಕ್ಕದ ಅಜ್ಜಿ ಮೊಮ್ಮಗನ ಹತ್ರ ‘ಎಂತ ಬರೆದಿದ್ದಾರೆ?’ ಅಂತ ಕೇಳಿದರು. ಅವನು ಎರಡನೇ ಸಾಲಿಗೆ ಬರುವುದರೊಳಗೆ ಸ್ಲೈಡ್ ಹೋಯಿತು. ಮರುವಾರ ಎಲ್ಲ ಒರೆಸಿ, ಒಂದು ಕೆಂಪು ಸೀರೆಯ ಅಂಚು ಬರೆದು, ಅದರ ಕೆಳಗೆ ಅಂಗಡಿಯ ಹೆಸರು ಮಾತ್ರ ಇಟ್ಟೆ. ಬರೆಯುವುದು ಮೊದಲೇ ಗೊತ್ತಿತ್ತು. ಜಾಹೀರಾತು ಅಂದರೆ ಎಂತ ಅಂತ ಕಲಿಸಿದ್ದು ಆ ಅಜ್ಜಿಯ ಒಂದು ಪ್ರಶ್ನೆ.

ಆದ್ದರಿಂದ ನಾನು ಹೇಳುವುದು ಇಷ್ಟೇ, ಅಲ್ಲಿ ಹೋಗಿ ಚೆನ್ನಾಗಿ ಕೇಳು. ಒಂದೇ ಹೊತ್ತಿಗೆ ಬೇರೆ ಬೇರೆ ವೇದಿಕೆಗಳಲ್ಲಿ ಸೆಮಿನಾರ್ ನಡೆಯುತ್ತವೆ. ಎಲ್ಲ ಕಡೆಗೂ ಓಡಬೇಡ. ದಿನಕ್ಕೆ ಎರಡೋ ಮೂರೋ ಸಾಕು. ಮಧ್ಯದಲ್ಲಿ ಹೊರಗೆ ಬಂದು, ಸಮುದ್ರದ ಕಡೆ ಮುಖ ಮಾಡಿ ಕೂತು, ಕೇಳಿದ್ದನ್ನು ಕನ್ನಡದಲ್ಲಿ ಬರೆದುಕೋ. ಕನ್ನಡದಲ್ಲಿ ಬರೆಯಲಿಕ್ಕೆ ಆಗದ ಮಾತು ನಿನಗೆ ಅರ್ಥವಾಗಿಲ್ಲ ಅಂತಲೇ ಲೆಕ್ಕ. ಫೋನಿನಲ್ಲಿ ಸ್ಲೈಡಿನ ಫೋಟೋ ಹೊಡೆದು ಸಮಾಧಾನ ಮಾಡಿಕೊಳ್ಳಬೇಡ, ಅದನ್ನು ಆಮೇಲೆ ಯಾರೂ ತೆರೆದು ನೋಡುವುದಿಲ್ಲ.

ಇನ್ನೊಂದು ವಿಷಯ. ಮಾತಾಡುವವರಲ್ಲಿ ದೊಡ್ಡ ದೊಡ್ಡ ಕಂಪನಿಗಳವರು ಜಾಸ್ತಿ. ಅವರ ಸೆಮಿನಾರೇ ಅವರ ಕಂಪನಿಗೆ ಜಾಹೀರಾತು ಆಗಿರಬಹುದು. ಗೆದ್ದ ಕೆಲಸವನ್ನು ಚೆಂದವಾಗಿ ತೋರಿಸುತ್ತಾರೆ. ಬಿಟ್ಟುಹಾಕಿದ ಐಡಿಯಾ ಎಷ್ಟು, ಗಿರಾಕಿ ಯಾವುದಕ್ಕೆ ಒಪ್ಪಲಿಲ್ಲ, ಎಲ್ಲಿ ಎಡವಿದರು ಅಂತ ಸಾಮಾನ್ಯವಾಗಿ ಹೇಳುವುದಿಲ್ಲ. ನೀನು ಅದನ್ನೇ ಕೇಳು. ಇಂಗ್ಲಿಷ್ ಬಗ್ಗೆ ಹೆದರಬೇಡ. ಅಲ್ಲಿಗೆ ಬರುವ ಎಷ್ಟೋ ಜನರಿಗೂ ಅದು ಮನೆಮಾತಲ್ಲ. ಪ್ರಶ್ನೆ ಒಂದೇ ಸಾಲಿನದ್ದಾಗಿರಲಿ.

ನಮ್ಮ ತಾಳಮದ್ದಳೆ ನೆನಪು ಮಾಡಿಕೋ. ಸಣ್ಣವಳಿದ್ದಾಗ ನನ್ನ ಮಡಿಲಲ್ಲಿ ಕೂತು ಕೇಳಿದ್ದೀ. ವೇಷವಿಲ್ಲದೆ ಕೂತು ಪಾತ್ರದ ಮಾತಾಡುವವನೇ ಅರ್ಥಧಾರಿ. ಬಾಯಿಪಾಠ ಮಾಡಿಕೊಂಡು ಬಂದ ಅರ್ಥಧಾರಿ ಎದುರಿನವರ ಪ್ರಶ್ನೆಯನ್ನು ಕೇಳಿಸಿಕೊಳ್ಳುವುದೇ ಇಲ್ಲ. ತನ್ನದೇ ಮಾತು ಒಪ್ಪಿಸಿ ಕೂರುತ್ತಾನೆ. ನಮ್ಮ ಶೇಣಿ ಗೋಪಾಲಕೃಷ್ಣ ಭಟ್ಟರು ಎದುರಿನವರ ಮಾತಿನಿಂದಲೇ ಒಂದು ಎಳೆ ಹಿಡಿದು ಮಾತು ಬೆಳೆಸುತ್ತಿದ್ದರು. ಸೆಮಿನಾರಿನಲ್ಲಿ ನೀನು ಕೇಳುವ ಪ್ರಶ್ನೆಯೂ ಹಾಗೆ ಹುಟ್ಟಬೇಕು.

ನಮ್ಮ ಊರು ಸಣ್ಣದು ಅಂತ ಮುದುಡಿಕೊಂಡು ಕೂರಬೇಡ ಮಗಾ. ಫೆವಿಕಾಲಿನ ಬಸ್ಸಿನ ಜಾಹೀರಾತು ನೆನಪುಂಟಾ? ಹೊಂಡದ ರಸ್ತೆ, ಬಸ್ಸಿನ ತಲೆ ಮೇಲೂ ಸುತ್ತಲೂ ಜನ, ಒಬ್ಬರೂ ಬೀಳುವುದಿಲ್ಲ. ಅದರಲ್ಲಿ ಒಂದು ಮಾತೂ ಇಲ್ಲ. ಹಳ್ಳಿಯ ಬಸ್ಸನ್ನು ಕಣ್ಣುಬಿಟ್ಟು ನೋಡಿದವರಿಗೆ ಮಾತ್ರ ಹೊಳೆಯುವ ಕೆಲಸ ಅದು. ಫೆವಿಕಾಲನ್ನು ಮನೆಮಾತು ಮಾಡಿದ ಪೀಯೂಷ್ ಪಾಂಡೆ 2004ರಲ್ಲಿ ಅದೇ ಕಾನ್‌ನಲ್ಲಿ ತೀರ್ಪುಗಾರರ ಅಧ್ಯಕ್ಷರಾದರು. ಏಷ್ಯಾದವರಲ್ಲಿ ಅವರೇ ಮೊದಲು. 2022ರಲ್ಲಿ ನಮ್ಮ ಬೆಂಗಳೂರಿನ ತಂಡವೊಂದು ವರ್ಷದ ಏಜೆನ್ಸಿ ಅನ್ನಿಸಿಕೊಂಡಿತು. ಬ್ರಿಟಿಷ್ ಮ್ಯೂಸಿಯಮ್ಮಿನ ವಸ್ತುಗಳಿಗೆ ಫೋನ್ ಹಿಡಿದರೆ, ಅವು ಹೇಗೆ ಅಲ್ಲಿಗೆ ಬಂದವು ಅಂತ ಅವನ್ನು ಕಳೆದುಕೊಂಡ ನಾಡಿನವರ ದನಿಯಲ್ಲೇ ಕೇಳಿಸುವ ಕೆಲಸ ಆ ತಂಡದ್ದು. ನೀನು ಬೆಳೆದದ್ದು ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಕಿವಿಗೆ ಬೀಳುವ ಊರಿನಲ್ಲಿ. ಒಂದೇ ಮಾತಿಗೆ ಒಬ್ಬರು ನಗುತ್ತಾರೆ, ಇನ್ನೊಬ್ಬರು ಬೇಸರ ಮಾಡುತ್ತಾರೆ ಅಂತ ನಿನಗೆ ಯಾರೂ ಕಲಿಸಬೇಕಾಗಿಲ್ಲ.

ಜೂನಿನಲ್ಲಿ ಅಲ್ಲಿ ಒಳ್ಳೇ ಬಿಸಿಲು, ಹತ್ತಿ ಬಟ್ಟೆ ಜಾಸ್ತಿ ಇಟ್ಟುಕೋ. ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ನಿನಗೆ ರಾತ್ರಿ ಊಟದ ಹೊತ್ತಾದಾಗ ನಿನ್ನ ಅಮ್ಮನಿಗೆ ನಡುರಾತ್ರಿ. ಮಧ್ಯಾಹ್ನವೇ ಫೋನ್ ಮಾಡು, ಅವಳು ಕಾಯುತ್ತಾ ಕೂರುತ್ತಾಳೆ.

ಬರುವಾಗ ನನಗೆ ಏನೂ ತರಬೇಡ. ಆ ನೋಟ್‌ಬುಕ್ ಮಾತ್ರ ಓದಲಿಕ್ಕೆ ಕೊಡು.

ನಿನ್ನ
ಮಾವ